ಯಾವ ಮದ್ದು, ಎಷ್ಟು ಸೂಜಿ

ಬಾತೇಯ್ ಲಾ ಪಲ್ಮಿತಾ,
ಸಾನ್ ಪೆದ್ರೊ ದೆ ಮಾಕೊರೀಸ್
ಸೋಮವಾರ, 14 ಮಾರ್ಚ್ 1994

ನನ್ನ ಮುದ್ದು ರೆಮಿಗೆ,

ದೇವರು ನಿನ್ನನ್ನು ಹರಸಲಿ, ಮಗಾ. ನೀನು ಕೇಳುವ ಮೊದಲೇ ಆಶೀರ್ವಾದ ಕೊಟ್ಟುಬಿಟ್ಟಿದ್ದೇನೆ, ಯಾಕೆಂದರೆ ಫ್ಲೋರಿಡಾಕ್ಕೆ ಹೋದ ನಮ್ಮ ಹುಡುಗರು ಹಿರಿಯರನ್ನು ಕಂಡರೆ ಆಶೀರ್ವಾದ ಬೇಡುವುದನ್ನು ಬಿಟ್ಟು ಕೈ ಬೀಸುತ್ತಾರಂತೆ. ಲಿಬ್ರಾದಾಳ ಅಳಿಯ ಹೇಳಿದ. ನೀನೂ ಹಾಗಾಗಿದ್ದರೆ ಈ ಕಾಗದವನ್ನು ಈಗಲೇ ಮಡಚು. ಬಾಯಿಬಿಟ್ಟು "ಆಶೀರ್ವಾದ ಮಾಡು ಅಜ್ಜಿ" ಎನ್ನು. ಕೋಣೆಯಲ್ಲಿರುವ ಉಳಿದ ಮೂವರು ನಕ್ಕರೆ ನಗಲಿ. ಆಮೇಲೆ ಮುಂದಕ್ಕೆ ಓದು.

ತಡವಾಯಿತು, ಗೊತ್ತು. ನಿನ್ನ ಕಾಗದ ಬಂದದ್ದು ಕಾಂದೆಲಾರಿಯಾ ಹಬ್ಬದ ಮಾರನೆಯ ದಿನ. ಆರು ವಾರವಾಗುತ್ತಾ ಬಂತು. ಕನ್ನಡಕ ಒಡೆದಿತ್ತು ಎಂದು ಬರೆಯೋಣ ಅಂದುಕೊಂಡೆ. ಒಡೆದಿಲ್ಲ, ಮೂಗಿನ ಮೇಲೇ ಇದೆ. ಪೆನ್ಸಿಲ್ ಇರಲಿಲ್ಲ ಎನ್ನೋಣವೆಂದರೆ ಲಿಬ್ರಾದಾಳ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇವೆ. ನಾನು ಮೂರನೇ ತರಗತಿಯವರೆಗೆ ಓದಿದವಳು, ಅಕ್ಷರ ಒಂದೊಂದೇ ಬರುತ್ತವೆ, ಕೋಳಿ ಕಾಳು ಹೆಕ್ಕಿದ ಹಾಗೆ. ಆದರೂ ಒಂದು ಕಾಗದಕ್ಕೆ ಆರು ವಾರ ಬೇಡ. ನಿನ್ನ ಒಂದು ಪ್ರಶ್ನೆಯಿಂದ ತಡವಾಯಿತು. ಅದಕ್ಕೆ ಬರುತ್ತೇನೆ. ಅವಸರ ಮಾಡಬೇಡ, ಕಾಗದ ನಿನ್ನ ಕೈಯಲ್ಲೇ ಇದೆ, ಎಲ್ಲಿಗೂ ಓಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿ ಬಿಟ್ಟರೆ ಎಲ್ಲವೂ ಚೆನ್ನಾಗಿದೆ. ನಿನ್ನ ತಾಯಿ ಕುರಸಾವೊದಿಂದ ಭಾನುವಾರ ಫೋನು ಮಾಡಿದ್ದಳು, ಅವಳು ಕೆಲಸಕ್ಕಿರುವ ಮನೆಯ ಯಜಮಾನಿಗೆ ಮೂರನೇ ಮಗುವಂತೆ, ಕೆಲಸ ಹೆಚ್ಚಿದೆಯಂತೆ. ಇಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಕೆಂಪು ಅವರೆಕಾಳಿನ ಪಾಯಸ ಮಾಡಿದೆ, ತೆಂಗಿನಹಾಲು, ಗೆಣಸು, ಒಣದ್ರಾಕ್ಷಿ ಎಲ್ಲ ಹಾಕಿ. ಎಂದಿನಂತೆ ಮನೆಮನೆಗೆ ಬಟ್ಟಲು ಕಳಿಸಿದೆ. ಮನೆಮನೆಯಿಂದ ಬಟ್ಟಲು ಬಂದವು. ಲಿಬ್ರಾದಾಳ ಪಾಯಸ ಈ ವರ್ಷವೂ ಗೋಡೆಗೆ ಬಳಿಯಬಹುದು, ಹಾಗಿದೆ. ನಿನ್ನ ಪಾಲಿನದನ್ನು ನಾನೇ ತಿಂದೆ.

ಅವಳ ಅಂಗಡಿಗೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ. ಹೋದರೆ ಸಾಕು, ದೊಮಿನೊ ಆಡುವವರು ಕಲ್ಲು ಕೆಳಗಿಟ್ಟು ನಿನ್ನ ಮೊಣಕೈ ಎತ್ತಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಬೇಸ್‌ಬಾಲ್ ಶುರುವಾಗುವ ತನಕ ಅವರಿಗೆ ಬೇರೆ ಮಾತಿಲ್ಲ. ಮೊನ್ನೆ ಎಣ್ಣೆಗೆ ಹೋಗಿದ್ದೆ.

"ಈ ಸಲ ನಮ್ಮ ರೆಮಿ ದೊಡ್ಡ ತಂಡಕ್ಕೇ ಏರ್ತಾನೆ, ನೋಡ್ತಾ ಇರಿ," ಎಂದಳು ಲಿಬ್ರಾದಾ, ಬಾಟಲಿಗೆ ಎಣ್ಣೆ ಹೊಯ್ಯುತ್ತಾ. "ಅಂಥ ಎಡಗೈ ಈ ಸೀಮೇಲೇ ಇಲ್ಲ."

"ಏರೋಕೆ ಮೊದ್ಲು ನಿಲ್ಬೇಕಲ್ಲಮ್ಮ," ಎಂದ ನಿಕಾನೊರ್. "ಆ ಹುಡುಗ ಗಾಜಿನ ಲೋಟ. ಕೈಯಲ್ಲಿ ಹಿಡ್ಕೊಂಡಿದ್ರೆ ಪಳಪಳ. ಕೆಳಗಿಟ್ರೆ ಸೀಳು."

"ನಿಕಾನೊರ್," ಎಂದೆ ನಾನು, "ನೀನು ನಿನ್ನ ಹೆಂಡತಿ ಮುಂದೆ ಎರಡು ನಿಮಿಷ ನಿಲ್ಲಲಾರೆ. ನನ್ನ ಮೊಮ್ಮಗ ನಿಲ್ಲೋ ಲೆಕ್ಕ ನಿನಗ್ಯಾಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ಎಣ್ಣೆಯ ಬಾಟಲಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಅವನ ಮಾತು ಸುಳ್ಳಲ್ಲವಲ್ಲ, ಮಗಾ. ಮೊದಲ ವರ್ಷ ಹಿಮ್ಮಡಿಯ ಮೇಲಿನ ನರ. ಮೆಟ್ಟಿಲು ಇಳಿಯುವಾಗ, ಚೆಂಡೂ ಇಲ್ಲ ಏನೂ ಇಲ್ಲ. ಆಗ ನಾನು ಮೆಟ್ಟಿಲಿಗೆ ಶಾಪ ಹಾಕಿದೆ. ಮರುವರ್ಷ ನಿನ್ನನ್ನು ಮೇಲಿನ ತಂಡಕ್ಕೆ ಕಳಿಸುತ್ತೇವೆ ಎಂದ ವಾರವೇ ಭುಜ. ಅದರ ಮೇಲಿನ ವರ್ಷ ತೊಡೆ. ಹೋದ ಆಗಸ್ಟಿನಲ್ಲಿ ಗಂಟೆಗೆ ತೊಂಬತ್ತನಾಲ್ಕು ಮೈಲಿಯ ಚೆಂಡೆಸೆದು, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ಮೊಣಕೈ ಹಿಡಿದುಕೊಂಡು ಕೂತೆಯಂತೆ. ನಾಲ್ಕು ವರ್ಷದಲ್ಲಿ ಒಂದು ಬೇಸಿಗೆಯನ್ನೂ ನೀನು ಕೊನೆ ಮುಟ್ಟಿಸಿಲ್ಲ. ನಾನು ಕಣ್ಣು ಬಿದ್ದಿದೆ ಎಂದು ದೃಷ್ಟಿ ತೆಗೆಸಿದೆ. ಇಗ್ವೆಯ್‌ನ ಮಾತೆಗೆ ಹರಕೆ ಹೊತ್ತು, ಒರಟು ಬಟ್ಟೆಯ ಕಂದು ಅಂಗಿ ತೊಟ್ಟು ವರ್ಷವೆಲ್ಲ ತಿರುಗಿದೆ. ಮಾತೆ ಪಾಪ ಏನು ಮಾಡಿಯಾಳು?

ಈಗ ನಿನ್ನ ಪ್ರಶ್ನೆ. ನಿನ್ನ ಕಾಗದವನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿದಿದೆ. "ಅಜ್ಜಿ, ತಂಡದ ಡಾಕ್ಟರ್ ನನ್ನ ಮೈಯ ಚಿತ್ರ ತೆಗೆದು ನೋಡಿ, ಇಪ್ಪತ್ತೊಂದು ವಯಸ್ಸಿನ ಹುಡುಗನಲ್ಲಿ ನಲವತ್ತರ ಮನುಷ್ಯನ ನರಗಳಿವೆ ಎಂದರು. ಚಿಕ್ಕಂದಿನಲ್ಲಿ ಏನು ತೆಗೆದುಕೊಂಡಿದ್ದೆ ಎಂದು ಕೇಳಿದರು. ಅಜ್ಜಿ ವಿಟಮಿನ್ ಸೂಜಿ ಹಾಕುತ್ತಿದ್ದಳು ಎಂದೆ. ಯಾವ ಮದ್ದು, ಎಷ್ಟು ಸೂಜಿ ಎಂದು ಈ ತಿಂಗಳ ಕೊನೆಯೊಳಗೆ ಬರೆದುಕೊಡಬೇಕಂತೆ. ಅಷ್ಟರೊಳಗೆ ಬೇರೇನೂ ಗೊತ್ತಾಗದಿದ್ದರೆ ನೋವು ಅಡಗಿಸುವ ಸೂಜಿಯನ್ನು ಮೊಣಕೈಗೇ ಹಾಕಿ ಏಪ್ರಿಲ್ ಮೊದಲ ವಾರ ಆಡಿಸುತ್ತಾರಂತೆ. ಕೋಚ್ ಹೇಳಿದರು, ಮೊಣಕೈ ಒಪ್ಪಿದರೆ ಬೇಸಿಗೆ ಮುಗಿಯುವುದರೊಳಗೆ ನೀನು ದೊಡ್ಡ ತಂಡದಲ್ಲಿ ಇರುತ್ತೀ ಅಂತ. ಆ ವಿಟಮಿನ್ ಹೆಸರೇನಜ್ಜಿ?"

ಹೆಸರು ನನಗೆ ಗೊತ್ತಿರಲಿಲ್ಲ ಎಂದುಕೊಂಡು ಮೊದಲು ಹೆಸರು ಹುಡುಕಿದೆ. ಮೂವತ್ತು ವರ್ಷದಿಂದ ಈ ಕೇರಿಗೆಲ್ಲ ಸೂಜಿ ಹಾಕುವವಳು ನಾನು. ಸಕ್ಕರೆ ಕಾರ್ಖಾನೆಯ ದವಾಖಾನೆಯಲ್ಲಿದ್ದ ಸಿಸ್ಟರಮ್ಮ ಕಲಿಸಿದ ವಿದ್ಯೆ. ಸೀಸೆ ಅವರವರದು, ಕೈ ನನ್ನದು. ಎಲಾದಿಯೊ ಈಗಲೂ ತಾನು ಆಟಕ್ಕೆ ಪಳಗಿಸುವ ಹುಡುಗರನ್ನು ಶನಿವಾರ ನನ್ನ ಬಳಿಗೇ ಕಳಿಸುತ್ತಾನೆ, ಆಗ ನಿನ್ನನ್ನು ತಂದು ಕೂರಿಸುತ್ತಿದ್ದ ಹಾಗೆಯೇ. ಅವನ ಡಬ್ಬಿಯಿಂದ ಒಂದು ಸೀಸೆ ಎತ್ತಿಕೊಂಡು, ಕರವಸ್ತ್ರದಲ್ಲಿ ಸುತ್ತಿ, ಕ್ಲಿನಿಕ್ಕಿನ ಹೊಸ ಡಾಕ್ಟರಮ್ಮನ ಹತ್ತಿರ ಹೋದೆ. ಓದು ಮುಗಿದ ಕೂಡಲೇ ಒಂದು ವರ್ಷ ಹಳ್ಳಿಗೆ ಕಳಿಸುತ್ತಾರಲ್ಲ, ಅಂಥವಳು. ಎಳೇ ಮುಖ, ಮೊಡವೆ ಇನ್ನೂ ಹೋಗಿಲ್ಲ.

"ಇದು ಎಲ್ಲಿ ಸಿಕ್ತು ಅಜ್ಜಿ ನಿಮಗೆ?" ಎಂದಳು.

"ದಾರೀಲಿ ಬಿದ್ದಿತ್ತಮ್ಮ."

"ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಸುತ್ಕೊಂಡು ಬಿದ್ದಿತ್ತಾ?"

ಚುರುಕಾಗಿದ್ದಾಳೆ. ಸೀಸೆಯನ್ನು ಬೆಳಕಿಗೆ ಹಿಡಿದು ಓದಿದಳು. "ಇದು ಓಟದ ಕುದುರೆಗೆ, ಹೋರಿಗಳಿಗೆ ಹಾಕೋದು. ಯಾರಾದ್ರೂ ಹುಡುಗರಿಗೆ ಹಾಕಿದ್ದಾರಾ?"

"ಹಾಕಿದ್ರೆ ಏನಾಗುತ್ತೆ ಅಂತ ಕೇಳೋಕೆ ಬಂದೆ. ಹಾಕಿದಾರೆ ಅಂದ್ನಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಮಾಂಸ ಕುದುರೇದಾಗುತ್ತೆ ಅಜ್ಜಿ. ಆ ಮಾಂಸವನ್ನ ಮೂಳೆಗೆ ಕಟ್ಟಿರೋ ಹಗ್ಗ ಮಾತ್ರ ಹುಡುಗಂದೇ ಉಳಿಯುತ್ತೆ. ಎಳೆದೂ ಎಳೆದೂ ಒಂದೊಂದಾಗಿ ಕಿತ್ಕೊಂಡು ಬರುತ್ತೆ. ಬೆಳೆಯೋ ವಯಸ್ಸಾದ್ರೆ ಎತ್ತರಾನೂ ಅಲ್ಲಿಗೇ ನಿಂತ್ಹೋಗುತ್ತೆ."

ನಿನ್ನ ಸೋದರಮಾವಂದಿರು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವವರು. ನೀನು ಹದಿನಾರಕ್ಕೆ ಎಷ್ಟಿದ್ದೆಯೋ ಈಗಲೂ ಅಷ್ಟೇ ಇದ್ದೀಯ. ಅದನ್ನು ನಾನು ಇಷ್ಟು ವರ್ಷ ನಿನ್ನಪ್ಪನ ಕಡೆಯವರ ತಲೆಗೆ ಕಟ್ಟಿದ್ದೆ, ಕುಳ್ಳರ ಸಂತಾನ ಎಂದು.

ನೋವು ಅಡಗಿಸುವ ಸೂಜಿಯ ಸಂಗತಿ ಕೇಳಿದೆ. ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅಂಥ ಹಗ್ಗಕ್ಕೆ ಆ ಸೂಜಿ ಹಾಕಿ ಎಸೆಯೋಕೆ ಬಿಟ್ರೆ ಪೂರ್ತಿ ಕಿತ್ತೇ ಹೋಗಬಹುದು. ಆಮೇಲೆ ಚೆಂಡಿನ ಮಾತು ಬಿಡಿ, ನೀರಿನ ಬಕೆಟ್ಟು ಎತ್ತೋಕೂ ಆಗಲ್ಲ."

"ಅಲ್ಲಿನ ಡಾಕ್ಟರಿಗೆ ಮೊದಲೇ ಗೊತ್ತಾದ್ರೆ?"

"ಗೊತ್ತಾದ್ರೆ ಹಾಕಲ್ಲ. ವರ್ಷ ಒಪ್ಪತ್ತು ಚೆಂಡು ಮುಟ್ಟೋಕೆ ಬಿಡಲ್ಲ, ನಿಧಾನವಾಗಿ ಗಟ್ಟಿ ಮಾಡ್ತಾರೆ. ಕೈ ಉಳಿಯುತ್ತೆ. ಆದ್ರೆ ಎಷ್ಟು ಸೂಜಿ ಬಿದ್ದಿದೆ ಅನ್ನೋದನ್ನ ಸರಿಯಾಗಿ ಹೇಳ್ಬೇಕು ಅಜ್ಜಿ. ಅಂದಾಜಲ್ಲ. ಅದರ ಮೇಲೇ ಎಲ್ಲಾ ನಿಂತಿರೋದು."

ಮದ್ದಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು, ಒಳಗೆ ಇಟ್ಟಿದ್ದೇನೆ. ಅದು ಬಂದು ಈಗ ಹದಿನಾರು ದಿನ. ಈ ಹದಿನಾರು ದಿನ ಬಾಯಲ್ಲಿ ಬಿಸಿ ಬಾಳೆಕಾಯಿ ಇಟ್ಟುಕೊಂಡು ಕೂತಿದ್ದೇನೆ. ನುಂಗಲಾರೆ, ಉಗುಳಲಾರೆ. ಹೇಳಿದರೆ ನಿನ್ನ ಈ ಬೇಸಿಗೆ ಹೋಯಿತು. ಒಂದು ವರ್ಷ ಚೆಂಡೆಸೆಯದ ನಮ್ಮೂರ ಹುಡುಗನನ್ನು ಯಾವ ತಂಡ ಕೂರಿಸಿ ಸಾಕುತ್ತದೆ? ಅವನಂಥ ಹತ್ತು ಮಂದಿ ಬೇಲಿಯ ಹೊರಗೆ ನಿಂತಿರುತ್ತಾರೆ. ಹಾಗೆ ವಾಪಸು ಬಂದ ಕ್ರಿಸಾಂತೊ ಔಷಧಿ ಅಂಗಡಿಯ ಮುಂದೆ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕಾವಲು ಕೂತಿರುವುದನ್ನು ನೀನೂ ನೋಡಿದ್ದೀಯ. ಹೇಳದಿದ್ದರೆ ಬೇಸಿಗೆ ಉಳಿಯುತ್ತದೆ, ಕೈ ಹೋಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಫೋನಿರುವುದು ಲಿಬ್ರಾದಾಳ ಅಂಗಡಿಯಲ್ಲಿ. ಅಲ್ಲಿ ನಾನು ಕೆಮ್ಮಿದರೆ ಸಂಜೆಯೊಳಗೆ ಕಾರ್ಖಾನೆಯ ಆಚೆ ಕೇರಿಯವರು ಕಷಾಯ ತರುತ್ತಾರೆ. ಗುರುವಾರ ಅವಳ ಅಳಿಯ ವಿಮಾನ ಹತ್ತುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸಬೇಕು, ಅಂಟು ಹಾಕಿ.

ಬಾಗಿಲಲ್ಲಿ ಯಾರೋ ಕರೆಯುತ್ತಿದ್ದಾರೆ. ಎಲಾದಿಯೊನ ದನಿ. ನಿಲ್ಲಿಸುತ್ತೇನೆ.

ಬುಧವಾರ, 16

ಎಲಾದಿಯೊ ಸೋಮವಾರ ಒಂದು ಗೊನೆ ಬಾಳೆಕಾಯಿ ಹೊತ್ತು ತಂದಿದ್ದ. ಅವನು ಬರಿಗೈಯಲ್ಲಿ ಬಂದರೆ ನನಗೆ ಭಯವಿಲ್ಲ. ನೀನು ಅವನಿಗೂ ಬರೆದು ಕೇಳಿದ್ದೀಯಂತೆ. ಒಳ್ಳೆಯದು ಮಾಡಿದೆ, ನರಿಯನ್ನೇ ಕೋಳಿಯ ಲೆಕ್ಕ ಕೇಳಿದ ಹಾಗೆ.

"ಬಿ-ಕಾಂಪ್ಲೆಕ್ಸ್ ಅಂತ ಬರೆದ್ಬಿಡಿ, ದೋನ್ಯಾ," ಎಂದ. "ಅದೂ ಸೂಜೀನೇ, ಇದೂ ಸೂಜೀನೇ."

"ಕತ್ತೆಗೂ ನಾಲ್ಕು ಕಾಲು, ಕುರ್ಚಿಗೂ ನಾಲ್ಕು ಕಾಲು. ಹಾಗಂತ ಈಗ ನೀನು ಕೂತಿರೋದು ಕತ್ತೆ ಮೇಲಾ?"

ಅವನು ನಗಲಿಲ್ಲ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಮೆತ್ತಗೆ ಮಾತಾಡಿದ. ಅವನು ಮೆತ್ತಗೆ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು. "ನನ್ನ ಹತ್ರ ಹನ್ನೊಂದು ಹುಡುಗರಿದ್ದಾರೆ. ಈ ಮದ್ದಿನ ಹೆಸರು ಅಲ್ಲಿ ಒಂದು ಕಾಗದದ ಮೇಲೆ ಬಿದ್ರೆ, ಯಾವ ತಂಡದೋನೂ ಈ ಊರಿನ ಮಣ್ಣು ತುಳಿಯಲ್ಲ. ಹನ್ನೊಂದು ಮನೆ ಒಲೆ ಆರಿಸ್ತೀರಾ?"

"ಹನ್ನೊಂದು ಹುಡುಗರ ಕೈ ಮುರಿದ ಮೇಲೆ ಒಲೆ ಊದೋರು ಯಾರು?"

"ಎಲ್ಲರದ್ದೂ ಮುರಿಯಲ್ಲ."

"ನಂದು ಮುರೀತಲ್ಲ."

ಆಗ ಅವನು ಎದ್ದ. ಟೋಪಿ ಹಾಕಿಕೊಂಡ. "ಸೀಸೆ ತಂದೋನು ನಾನು, ಒಪ್ಪಿದೆ. ಚುಚ್ಚಿದ ಕೈ ಯಾರದ್ದು, ದೋನ್ಯಾ? ಆ ಕಾಗದದಲ್ಲಿ ಅದನ್ನೂ ಬರೀಬೇಕಾಗುತ್ತೆ." ಬಾಳೆಗೊನೆಯನ್ನು ಬಿಟ್ಟು ಹೋದ. ಅಂಗಳದಲ್ಲೇ ಬಿದ್ದಿದೆ, ಕೋಳಿಗಳು ಅದರ ಮೇಲೆ ಕೂರುತ್ತಿವೆ.

ಅದಾದ ಮೇಲೆ ನಿನ್ನೆ ಸಿಲ್ವೆರಿಯಾ ಬಂದಳು. ಅವಳ ಮಗನೂ ಎಲಾದಿಯೊನ ಗರಡಿಯಲ್ಲಿದ್ದಾನೆ, ಹದಿನೈದು ತುಂಬಿಲ್ಲ. ಡಾಕ್ಟರಮ್ಮನನ್ನು ನೋಡಿ ಬಂದ ಶನಿವಾರ ನಾನು ಹುಡುಗರಿಗೆಲ್ಲ ಸಿರಿಂಜು ಒಡೆಯಿತು ಎಂದು ಹೇಳಿ ಕಳಿಸಿದ್ದೆ. ಅದರ ಮುಂದಿನ ಸೋಮವಾರವೇ ಸಿಲ್ವೆರಿಯಾ ಪೇಟೆಯಿಂದ ಪ್ಲಾಸ್ಟಿಕ್ಕಿನ ಹೊಸ ಸಿರಿಂಜು ಕೊಂಡು ತಂದಳು. ನನ್ನ ಕೈ ನಡುಗುತ್ತದೆ ಎಂದೆ. ಹೋದ ಶನಿವಾರ ಬಟ್ಟಲು ತುಂಬ ಪಾಯಸ ತೆಗೆದುಕೊಂಡು ಹೋದಳು, ನಿನ್ನೆ ಖಾಲಿ ಬಟ್ಟಲು ಹಿಡಿದು ಬಂದಳು.

"ಪಾಯಸ ಬಡಿಸೋವಾಗ ಒಂದು ತೊಟ್ಟೂ ಚೆಲ್ಲಲಿಲ್ಲವಲ್ಲ ಅಜ್ಜಿ," ಎಂದಳು. "ಕೈ ಎಲ್ಲಿ ನಡುಗ್ತು?"

"ಸಿಲ್ವೆರಿಯಾ, ಬೇಡ. ನನ್ನ ಮಾತು ಕೇಳು."

"ಏನ್ ಕೇಳೋದು? ನಿಮ್ಮ ಹುಡುಗ ಮೇಲೆ ಹತ್ತಿದ. ಹತ್ತಿದ ಮೇಲೆ ಏಣಿ ಎಳ್ಕೊಂಡ್ರಿ. ನಮ್ಮ ಮಕ್ಕಳು ಕಬ್ಬು ಕಡೀಲಿ ಅಂತ ತಾನೆ?"

ನನಗೆ ತಡೆಯಲಾಗಲಿಲ್ಲ. "ಅದು ವಿಟಮಿನ್ ಅಲ್ಲ ಕಣೇ. ಕುದುರೆ ಮದ್ದು! ಕುದುರೆಗೆ ಹಾಕೋದು!"

ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. "ಗೊತ್ತು," ಎಂದಳು. "ಯಾರಿಗೆ ಗೊತ್ತಿಲ್ಲ?"

ಬಯ್ಯಲು ಬಾಯಿ ತೆರೆದೆ, ಮಗಾ. ನಿನಗೆ ಗೊತ್ತಲ್ಲ, ನನ್ನ ಬಾಯಿಗೆ ಬೈಗುಳ ಬರದೆ ಇದ್ದದ್ದು ನನ್ನ ಮದುವೆಯ ದಿನ ಒಂದೇ. ನಿನ್ನೆಯೂ ಬರಲಿಲ್ಲ. ಅವಳು ನನ್ನ ಮುಂದೆ ನಿಂತೇ ಇದ್ದಳು, ಚೀಲದಲ್ಲಿ ಸಿರಿಂಜು, ಮುಖದ ತುಂಬ ಬೆವರು. ಕೊನೆಗೆ, "ನೀವು ಹಾಕದಿದ್ರೆ ಕಾರ್ಖಾನೆ ಗೇಟಿನ ಹತ್ರ ಒಬ್ಬ ಹಾಕ್ತಾನೆ, ಸೂಜಿ ಕುದಿಸೋದೂ ಇಲ್ಲ ಅವನು," ಎಂದು ಹೇಳಿ ಹೋದಳು. ಬೆದರಿಕೆಯಲ್ಲ ಅದು, ಬೇಡಿಕೊಂಡದ್ದು. ಈ ಕೇರಿಯಲ್ಲಿ ಎರಡೂ ಒಂದೇ ದನಿಯಲ್ಲಿ ಬರುತ್ತವೆ.

ಅವಳು ಹೋದ ಮೇಲೆ ಅಂಗಳದಲ್ಲಿ ಕೂತೆ. ಈ ಮನೆಯ ಸಿಮೆಂಟು ಗೋಡೆ ನೋಡಿದೆ, ನೀನು ತಂಡಕ್ಕೆ ಸಹಿ ಹಾಕಿದ ವರ್ಷ ಆ ದುಡ್ಡಿನಲ್ಲಿ ಎದ್ದ ಗೋಡೆ. ಮೊದಲು ಹಲಗೆಯ ಸಂದಿಯಲ್ಲಿ ಗಾಳಿಯಾದರೂ ಬರುತ್ತಿತ್ತು. ಈಗ ಒಳಗೆ ಕೂತರೆ ಉಸಿರು ಕಟ್ಟುತ್ತದೆ, ಹೊರಗೆ ಕೂತರೆ ದಾರಿಯಲ್ಲಿ ಹೋಗುವವರೆಲ್ಲ, "ರೆಮಿ ಹೇಗಿದಾನೆ ಅಜ್ಜಿ? ಈ ಸಲ ಹೇಗೆ?" ಎನ್ನುತ್ತಾರೆ. ಚೆನ್ನಾಗಿದ್ದಾನೆ, ಕಲ್ಲಿನ ಹಾಗಿದ್ದಾನೆ, ಎಂದು ಹೇಳಿ ಹೇಳಿ ದವಡೆ ನೋಯುತ್ತದೆ. ನೀನೂ ಅಲ್ಲಿ ಕೋಚ್ ಕೇಳಿದಾಗಲೆಲ್ಲ ಹೀಗೇ ಹೇಳುತ್ತಿರುತ್ತೀ, ನನಗೆ ಗೊತ್ತು. ನೋವಿದೆ ಎಂದು ಬಾಯಿಬಿಟ್ಟವನ ಜಾಗದಲ್ಲಿ ಮರುದಿನ ಇನ್ನೊಬ್ಬನ ಹೆಸರು ಬರೆದಿರುತ್ತಾರೆ ಎಂದು ನೀನೇ ಒಮ್ಮೆ ಬರೆದಿದ್ದೆ.

ಇಂದು ಬೆಳಿಗ್ಗೆ ಎದ್ದಾಗ ಒಂದು ವಿಷಯ ಮಾತ್ರ ತಲೆಯಲ್ಲಿ ಸ್ಪಷ್ಟವಾಗಿತ್ತು. ಚೆಂಡಿಗೆ ಇನ್ನೊಬ್ಬ ಸಿಗುತ್ತಾನೆ. ಆ ಕೈ ನನಗೆ ಇನ್ನೊಂದು ಸಿಗುವುದಿಲ್ಲ. ಆ ಕೈಯಲ್ಲಿ ನೀನು ನಾಳೆ ಮಗುವನ್ನು ಎತ್ತಬೇಕು, ನಾನು ಸತ್ತರೆ ಹೆಣದ ಪೆಟ್ಟಿಗೆಯ ಒಂದು ಮೂಲೆ ಹೊರಬೇಕು. ಹಾಗಾಗಿ ಬರೆದುಕೊಡು. ಚೀಟಿಯಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ನಕಲು ಮಾಡು. ಎಲಾದಿಯೊ ವಿಟಮಿನ್ ಎಂದು ಹೇಳಿ ತಂದ, ನಾನು ನಂಬಿದೆ. ನೀನು ಹದಿನಾರರಲ್ಲಿದ್ದಾಗ ವಾರಕ್ಕೊಂದರಂತೆ ಎಂಟು ವಾರ, ಎಂಟು ಸೂಜಿ. ಸೂಜಿ ಹಾಕಿದವಳು ಅಜ್ಜಿ, ತೊಮಾಸಿನಾ ರೀಡ್ ಎಂದು ನನ್ನ ಹೆಸರನ್ನೂ ಬರೆ. ಅವರು ನನ್ನನ್ನು ಏನು ಮಾಡಿಯಾರು? ಬಂದು ಹಿಡಿದುಕೊಂಡು ಹೋದರೆ ವಿಮಾನವನ್ನಾದರೂ ಹತ್ತಿದ ಹಾಗಾಯಿತು.

ಮೊಣಕೈಗೆ ಆ ಸೂಜಿ ಹಾಕಲು ಬಂದರೆ ಕೈ ಹಿಂದಕ್ಕೆ ಎಳೆದುಕೋ. ಬೇಡ ಎನ್ನು. ಅವರ ಭಾಷೆಯಲ್ಲಿ "ನೋ" ಎಂದರೆ ಸಾಕಂತೆ, ನಮ್ಮದರಲ್ಲೂ ಹಾಗೇ. ಕಷ್ಟದ ಮಾತೇನಲ್ಲ. ತಂಡದವರು ಕಾದರೆ ಕಾಯಲಿ. ಕಾಯದಿದ್ದರೆ ಬಾ. ಬಂದ ದಿನ ನಿಕಾನೊರ್ ಏನಾದರೂ ಅಂದರೆ ಅವನ ಹಲ್ಲು ನನ್ನ ಕೈಯಲ್ಲಿರುತ್ತದೆ, ಉಳಿದಿರುವುದೇ ನಾಲ್ಕು. ಸಿಲ್ವೆರಿಯಾಳ ಹುಡುಗನಿಗೆ ಏನು ಮಾಡಲಿ ಎಂದು ಮಾತ್ರ ಇನ್ನೂ ಗೊತ್ತಾಗಿಲ್ಲ. ನಾಳೆ ಡಾಕ್ಟರಮ್ಮನನ್ನು ಅವಳ ಮನೆಗೇ ಕರೆದುಕೊಂಡು ಹೋಗುತ್ತೇನೆ. ಬಾಗಿಲು ತೆರೆಯುತ್ತಾಳೋ ಇಲ್ಲವೋ.

ಸರಿಯಾಗಿ ತಿನ್ನು. ತಣ್ಣೀರಲ್ಲಿ ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ. ಕೋಣೆಯ ಆ ವೆನೆಜುವೆಲಾದ ಹುಡುಗನಿಗೂ ನನ್ನ ಆಶೀರ್ವಾದ ಹೇಳು, ಅವನಿಗೆ ಅಲ್ಲಿ ಅಜ್ಜಿ ಇಲ್ಲ. ಇಗ್ವೆಯ್‌ನ ಮಾತೆ ನಿನ್ನನ್ನು ತನ್ನ ಸೆರಗಿನಡಿ ಇಟ್ಟುಕೊಳ್ಳಲಿ. ನಿನ್ನ ಎಲುಬು ಗಟ್ಟಿಯಾಗಲಿ. ನೂರು ವರ್ಷ ಬಾಳು.

ನಿನ್ನ ಅಜ್ಜಿ,
ತೊಮಾಸಿನಾ

ತಾ.ಕ. ಅಂಟು ಹಾಕಿದ್ದೆ. ಮತ್ತೆ ಬಿಚ್ಚಿದೆ. ಎಂಟು ಎಂದು ಬರೆಯಬೇಡ. ಹದಿನಾಲ್ಕು. ಎಲಾದಿಯೊ ಕೊಟ್ಟದ್ದು ಎಂಟೇ, ಎಂಟಾದ ಮೇಲೆ ಅವನು ಸಾಕು ಎಂದ. ನೀನೂ ಸಾಕು ಎಂದೆ, ದಿಂಬು ಕಚ್ಚಿಕೊಂಡು, ಕಾಲು ಉರಿಯುತ್ತೆ ಅಜ್ಜಿ ಎಂದೆ. ಆ ವಾರ ತಂಡದ ಮನುಷ್ಯ ಬಂದು ನಿನ್ನ ಎಸೆತ ನೋಡಿ, ಇನ್ನೊಂದು ಚೂರು ವೇಗ ಬರಲಿ, ಈಸ್ಟರ್ ಕಳೆದು ಬರುತ್ತೇನೆ ಎಂದು ಹೋಗಿದ್ದ. ಉಳಿದ ಆರು ಸೀಸೆ ತಂದವಳು ನಾನು. ಎಲಾದಿಯೊಗೂ ಗೊತ್ತಿಲ್ಲ. ಪೇಟೆಗೆ ಹೋದೆ, ಮನುಷ್ಯರ ಔಷಧಿ ಅಂಗಡಿಗಲ್ಲ, ದನ ಕುದುರೆಗಳ ಮದ್ದಿನ ಅಂಗಡಿಗೆ. ಯಾವ ಪ್ರಾಣಿಗೆ ಎಂದು ಅಂಗಡಿಯವನು ಕೇಳಿದ. ಕುದುರೆಗೆ ಎಂದೆ. ತೂಕ ಎಷ್ಟು ಎಂದು ಕೇಳಿದ. ನಿನ್ನ ತೂಕ ಹೇಳಿದೆ. "ಇಷ್ಟೇನಾ? ಹಾಗಾದ್ರೆ ಇನ್ನೂ ಮರಿ ಅದು, ಈಗ್ಲೇ ಬೇಡಮ್ಮ," ಎಂದ. "ಮರೀನೇ," ಎಂದೆ. "ಆದ್ರೆ ಓಡ್ಲೇಬೇಕು."